ಬಿಚ್ಚದೆ ಇಟ್ಟ ಬಟ್ಟೆ

“ಗುರುಗಳೇ, ತಪ್ಪು ನನ್ನ ಅಣ್ಣನದು. ಅವನೇ ಬಂದು ಮಾತಾಡಿಸಲಿ ಎಂದು ಕಾಯುತ್ತಿದ್ದೇನೆ. ಹಾಗೆ ಕಾಯುವುದು ತಪ್ಪೇ?” ಎಂದು ಚನ್ನವೀರನೆಂಬ ಶಿಷ್ಯ ಕೇಳಿದ.

“ಎಷ್ಟು ವರ್ಷವಾಯಿತು?”

“ಒಂಬತ್ತು.”

“ಭಲೆ! ಜಪಕ್ಕೆ ಕೂತರೆ ಗಳಿಗೆಗೆ ಮೂರು ಸಲ ಏಳುವವನು ನೀನು. ಒಂಬತ್ತು ವರ್ಷ ಅಲುಗಾಡದೆ ಕೂತಿದ್ದೀಯಲ್ಲ,” ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಹಿಂದೆ ಚೀನಾ ದೇಶದ ಒಂದು ಹೊಳೆದಂಡೆಯ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಅಕ್ಕ ತಂಗಿ ಇದ್ದರು. ಆ ದೇಶದಲ್ಲಿ ಕೆಲವರು ಬಟ್ಟೆಯ ಮೇಲೆ ಮೇಣದಿಂದ ಬರೆದು ಬಣ್ಣ ತಡೆಯುತ್ತಿದ್ದರು. ಕೆಲವರು ಕೆತ್ತಿದ ಎರಡು ಹಲಗೆಗಳ ನಡುವೆ ಬಟ್ಟೆಯನ್ನು ಬಿಗಿಯುತ್ತಿದ್ದರು. ಇವರದು ದಾರದ ಕೆಲಸ. ಬಟ್ಟೆಯನ್ನು ಚಿಟಿಕೆಯಷ್ಟು ಎತ್ತಿ, ದಾರ ಸುತ್ತಿ ಗಂಟು ಹಾಕಿ, ನೀಲಿಯ ತೊಟ್ಟಿಯಲ್ಲಿ ಅದ್ದುವುದು. ಬಿಗಿದ ಕಡೆ ಬಣ್ಣ ಹತ್ತುವುದಿಲ್ಲ. ಬಿಚ್ಚಿದರೆ ನೀಲಿಯ ನಡುವೆ ಜಿಂಕೆಯ ಮೈಯಂತೆ ಬಿಳಿ ಚುಕ್ಕೆಗಳು.

ಗಂಟು ಹಾಕುವವಳು ತಂಗಿ, ಅದ್ದುವವಳು ಅಕ್ಕ. ಹಾಕಿದವರೇ ಗಂಟು ಬಿಚ್ಚಬೇಕೆಂಬುದು ಆ ಮನೆಯ ಕಟ್ಟಳೆ. ದಾರದ ತುದಿ ಎಲ್ಲಿದೆ ಎಂದು ಅವರಿಗೇ ಗೊತ್ತು. ಬೇರೆಯವರು ಎಳೆದರೆ ಬಟ್ಟೆ ಹರಿಯುತ್ತದೆ.

ತಾಯಿ ಸಾಯುವ ಮುಂಚೆ ನೇಯ್ದ ಕೊನೆಯ ರೇಷ್ಮೆಗೆ ತಂಗಿ ಗಂಟು ಹಾಕಿ ತಂದಳು. ಅಕ್ಕ ಮುಟ್ಟಿ ನೋಡಿದಳು.

“ಸಡಿಲ ಕಣೇ. ಬಣ್ಣ ಒಳಗೆ ಇಳಿಯುತ್ತೆ. ಅಮ್ಮನ ಕೈ ನಿನಗೆ ಬರಲೇ ಇಲ್ಲ.”

“ಹಾಗಾದರೆ ನಿನ್ನ ಗಂಟು ನೀನೇ ಹಾಕಿಕೋ,” ಎಂದು ತಂಗಿ ಎದ್ದು ಹೊಳೆಯಾಚೆಯ ಗಂಡನ ಮನೆಗೆ ಹೋದಳು.

ಅಕ್ಕ ಆ ರೇಷ್ಮೆಯನ್ನು ಅದ್ದಿ ಒಣಗಿಸಿದಳು. ಬಿಚ್ಚಲಿಲ್ಲ. ಗಂಟು ಹಾಕಿದವಳು ಬರಲಿ ಎಂದಳು. ಅಕ್ಕ ಕರೆಯಲಿ ಎಂದು ತಂಗಿಯೂ ಬಿಗುಮಾನದಿಂದ ಕೂತಳು. ಹೊಳೆ ದೊಡ್ಡದೇನಲ್ಲ, ತಂಗಿಯ ಮನೆಯ ಒಲೆ ಹೊಗೆ ಅಕ್ಕನ ಅಂಗಳಕ್ಕೆ ಕಾಣುತ್ತಿತ್ತು. ಬೆಳಗಾದರೆ ಅಕ್ಕ ಹೊಗೆ ಎದ್ದಿತೇ ಎಂದು ನೋಡುತ್ತಿದ್ದಳು. ಕಂಡರೆ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದಳು. ವರ್ಷಕ್ಕೊಮ್ಮೆ ಆ ಗಂಟುಬಟ್ಟೆಯನ್ನು ಬಿಸಿಲಿಗೆ ಹಾಕಿ ಮತ್ತೆ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಹೀಗೆ ಇಪ್ಪತ್ತು ವರ್ಷ ಕಳೆಯಿತು.

ಒಂದು ದಿನ ಹೊಗೆ ಏಳಲಿಲ್ಲ. ಮಧ್ಯಾಹ್ನ ದೋಣಿಯವನು ಬಂದು ತಂಗಿ ತೀರಿಕೊಂಡ ಸುದ್ದಿ ಹೇಳಿದ.

ಮಣ್ಣು ಮಾಡಿ ಬಂದ ಮೇಲೆ ಅಕ್ಕ ಪೆಟ್ಟಿಗೆ ತೆರೆದಳು. ಇನ್ನು ಕಟ್ಟಳೆ ಯಾರಿಗಾಗಿ? ಸೂಜಿ ಹಿಡಿದು ಒಂದೊಂದೇ ಗಂಟು ಬಿಡಿಸಿದಳು. ಒಂದೂ ಸುಲಭಕ್ಕೆ ಬಿಡಲಿಲ್ಲ, ಉಗುರು ಕಿತ್ತು ರಕ್ತ ಬಂತು. ಸಂಜೆಗೆ ಇಡೀ ರೇಷ್ಮೆ ಅಂಗಳದಲ್ಲಿ ಹರಡಿತ್ತು. ಸಾವಿರ ಚುಕ್ಕೆಗಳು. ಒಂದರೊಳಗೂ ನೀಲಿ ಇಳಿದಿರಲಿಲ್ಲ. ಎಲ್ಲ ಹಾಲಿನಂತೆ ಬೆಳ್ಳಗಿದ್ದವು.

“ಬಣ್ಣ ಇಳಿದಿಲ್ಲ ಕಣೇ,” ಎಂದು ಅವಳು ಗಟ್ಟಿಯಾಗಿ ಹೇಳಿದಳು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಹೊಳೆಯ ಕಡೆ ತಿರುಗಿ ಮತ್ತೊಮ್ಮೆ ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವರೇ ಕೇಳಿದರು:

“ನಿನ್ನ ಅಣ್ಣನ ಊರು ಇಲ್ಲಿಂದ ಎಷ್ಟು ದೂರ?”