ವಾಲಿದ ಮನೆಯ ವಿಡಿಯೊ

ಮನೆ ಬ್ರೋಕರ್ ಪುಟ್ಟಬಸಪ್ಪನ ಹತ್ತಿರ ಫೋನು ಅಲುಗದಂತೆ ಹಿಡಿಯಲು ಎರಡು ಆಳುಗಳಿದ್ದವು: ಕೈಯಲ್ಲಿ ಹಿಡಿಯುವ ಗಿಂಬಲ್, ಮೂರು ಕಾಲಿನ ಸ್ಟ್ಯಾಂಡ್. ಮಾರಾಟಕ್ಕಿದ್ದ ಮನೆಯ ವಿಡಿಯೊ ಯಾವುದು ಚೆಂದ ತೆಗೆಯುತ್ತದೋ ಅದಕ್ಕೆ ಕೆಲಸ, ಇನ್ನೊಂದಕ್ಕೆ ಅಟ್ಟ.

“ನೆಲ ಹೇಗಾದರೂ ಇರಲಿ, ನಾನು ಹಿಡಿದರೆ ಫೋನು ನೆಟ್ಟಗೇ ಇರುತ್ತದೆ,” ಎಂದು ಗಿಂಬಲ್ ಬೀಗಿತು.

“ನಾನು ನೆಲಕ್ಕೆ ಎದುರಾಡುವುದಿಲ್ಲಪ್ಪ,” ಎಂದಿತು ಸ್ಟ್ಯಾಂಡ್.

ಗಿಂಬಲ್ ತೆಗೆದ ವಿಡಿಯೊದಲ್ಲಿ ಇಡೀ ಮನೆ ಪಕ್ಕಕ್ಕೆ ವಾಲಿತ್ತು. ವಾಲಿದ ನೆಲದ ಮೇಲೆ ತಾನೂ ವಾಲಿಕೊಂಡೇ ನಿಂತಿದ್ದ ಸ್ಟ್ಯಾಂಡಿನ ವಿಡಿಯೊದಲ್ಲಿ ಗೋಡೆಗಳೆಲ್ಲ ನೆಟ್ಟಗಿದ್ದವು.

ಪುಟ್ಟಬಸಪ್ಪ ಗಿಂಬಲ್ಲನ್ನು ಅಟ್ಟಕ್ಕೆಸೆದ.

“ಸ್ವಾಮಿ, ವಾಲಿರೋದು ಮನೆ, ನಾನಲ್ಲ!” ಎಂದು ಅದು ಕೂಗಿಕೊಂಡಿತು.

“ಮನೆ ವಾಲಿರೋದು ನಂಗೊತ್ತಿಲ್ವೇನೋ ಶನಿ?” ಎಂದ ಪುಟ್ಟಬಸಪ್ಪ. “ನೀನ್ಯಾಕೆ ವಾಲಲಿಲ್ಲ?”