ಗಾಣಿಗನ ಷರತ್ತುಗಳು

“ಸರ್, ಸಂಖ್ಯೆಗಳ ನಿಯಮಗಳನ್ನೆಲ್ಲ ಒಂದೂ ಬಿಡದೆ ಹೇಳಿದರೂ, ನಾವು ನೆನೆಸದ ಬೇರೊಂದು ಸಂಖ್ಯಾಲೋಕ ಬಂದು ಅಷ್ಟನ್ನೂ ಪಾಲಿಸುತ್ತದೆ ಅಂತೀರಿ. ಇನ್ನೊಂದು ನಿಯಮ ಸೇರಿಸಿದರೆ ಅದು ತೊಲಗುವುದಿಲ್ಲವೇ?”

ಬೀಜಗಣಿತದ ಮೇಷ್ಟರು ಶಿಷ್ಯರಿಂದ ಈ ಪ್ರಶ್ನೆಯನ್ನು ಪ್ರತಿ ವರ್ಷ ಕೇಳಿಸಿಕೊಂಡವರು. ಸೀಮೆಸುಣ್ಣ ಕೆಳಗಿಟ್ಟು ಕುಳಿತರು. ಹೇಳತೊಡಗಿದರು.

ಒಬ್ಬ ಗಾಣಿಗನಿದ್ದ. ಮಗಳನ್ನು ಅಕ್ಕನ ಮಗನಿಗೇ ಕೊಡಬೇಕೆಂದು ಅವನ ಆಸೆ. ಹುಡುಗಿಗೂ ಅದೇ ಆಸೆ. ಆದರೆ ಹಿಂದೊಮ್ಮೆ ಗೌರಿ ಹಬ್ಬಕ್ಕೆ ತವರಿಗೆ ಬಂದಿದ್ದ ಅಕ್ಕನನ್ನು, ಯಾವುದೋ ಮಾತಿಗೆ ಸಿಟ್ಟಾಗಿ, ಮಡಿಲು ತುಂಬದೆ ಕಳಿಸಿಬಿಟ್ಟಿದ್ದ. ಅಂದಿನಿಂದ ಅವಳು ಇತ್ತ ಮುಖ ಹಾಕಿರಲಿಲ್ಲ. ಈಗ ತಾನಾಗಿ ಹೋದರೆ ತಲೆ ತಗ್ಗಿಸಬೇಕು. ಅದು ಅವನಿಂದಾಗದು. ಅವಳ ಮಗನ ಹೆಸರನ್ನೂ ಎತ್ತಲಾರ.

ಪರವೂರಿನ ಮದುವೆ ದಲ್ಲಾಳಿಯೊಬ್ಬನನ್ನು ಕರೆಸಿದ. ಅಕ್ಕನ ಮಗನನ್ನೇ ಮನಸ್ಸಿನಲ್ಲಿಟ್ಟುಕೊಂಡು ಷರತ್ತು ಹೇಳಿದ. ಹುಡುಗನಿಗೆ ತಂದೆ ಇರಬಾರದು. ಸ್ವಂತ ಗಾಣವಿರಬೇಕು. ಎತ್ತಿನ ಮೇಲೆ ಬಾರುಕೋಲು ಎತ್ತದವನಾಗಿರಬೇಕು. ಇಷ್ಟಕ್ಕೆ ಹೊಂದುವವನು ಒಬ್ಬನೇ, ದಲ್ಲಾಳಿ ನೆಟ್ಟಗೆ ಅಕ್ಕನ ಬಾಗಿಲಿಗೇ ಹೋಗುತ್ತಾನೆ ಎಂದುಕೊಂಡ.

ದಲ್ಲಾಳಿ ಹೊಳೆಯಾಚೆಯಿಂದ ಬೇರೊಬ್ಬನನ್ನು ಕರೆತಂದ. ಎಲ್ಲವೂ ಸರಿಯಿತ್ತು. ಗಾಣಿಗ ಮುಖ ಸಿಂಡರಿಸಿ, ಹುಡುಗ ಭಜನೆ ಹಾಡುವವನಾಗಿರಬೇಕು ಎಂದ. ಹಾಡುವವನೂ ಸಿಕ್ಕಿದ. ಎಡಗೆನ್ನೆಯಲ್ಲಿ ಮಚ್ಚೆಯಿರಬೇಕು ಎಂದ. ಮಚ್ಚೆಯವನೂ ಬಂದ.

ದಲ್ಲಾಳಿ ಜಗಲಿಯ ಮೇಲೆ ಕುಸಿದ. “ಯಜಮಾನ್ರೇ, ಚಪ್ಪಲಿ ಸವೆದುಹೋಯ್ತು. ನಿಮ್ಮ ಮನಸ್ಸಲ್ಲಿ ಯಾರೋ ಇದ್ದಾರೆ. ಹೆಸರು ಹೇಳಿ, ಈಗಲೇ ಹೋಗಿ ಕರ್ಕೊಂಡು ಬರ್ತೀನಿ.”

“ಹೆಸರು ಹೇಳೋ ಹಂಗಿದ್ದಿದ್ರೆ ನಿನ್ನ ಕಾಲು ಯಾಕೆ ಬೇಕಿತ್ತಯ್ಯಾ?”

“ಹಂಗಾದ್ರೆ ಈ ಹುಡುಗನಲ್ಲಿ ಏನು ಐಬು, ಅದನ್ನಾದ್ರೂ ಹೇಳಿ.”

ಗಾಣಿಗ ಹುಡುಗನನ್ನು ಮೇಲಿಂದ ಕೆಳಗೆ ನೋಡಿದ. ತಾನು ಹೇಳಿದ್ದೆಲ್ಲ ಅವನಲ್ಲಿತ್ತು. ನಾಲ್ಕು ಜನ ಹಿರಿಯರು ಕೂತಿದ್ದರು. ಒಲ್ಲೆ ಎನ್ನಲು ಕಾರಣವಿರಲಿಲ್ಲ. ಮಗಳು ಒಳಗೆ ಹೋಗಿ ಕದ ಹಾಕಿಕೊಂಡಳು. ಹೊರಗೆ ನಿಶ್ಚಯದ ತಾಂಬೂಲ ಬದಲಾಯಿಸಿಕೊಂಡರು.

ಮೇಷ್ಟರು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಸರ್, ಅವನು ಮರೆತ ಷರತ್ತು ಯಾವುದು?”

“ಯಾವುದನ್ನೂ ಮರೆತಿರಲಿಲ್ಲಪ್ಪ. ಬೇಕಿದ್ದದ್ದು ಅಕ್ಕನ ಮನೆಗೆ ನಡೆದು ಹೋಗುವುದು, ಅದು ಷರತ್ತಲ್ಲ.”