ಕೀ ನೇತುಹಾಕುವ ಮೊಳೆ

“ಗುರುಗಳೇ, ಹೊಸ ಊರಿನಲ್ಲಿ ಎರಡು ಆಂಬುಲೆನ್ಸ್ ಕಂಪನಿಯವರು ನನ್ನನ್ನು ಕರೆದಿದ್ದಾರೆ. ಒಬ್ಬರ ಗಾಡಿಗಳು ಹೊಸವು, ಇನ್ನೊಬ್ಬರವು ಹಳೆಯವು. ಯಾರ ಹತ್ತಿರ ಸೇರಲಿ?” ಎಂದು ಓಬಳೇಶ ಕೇಳಿದ.

ತಿಪ್ಪೇಸ್ವಾಮಿ ಗುರುಗಳು ಜೀವಮಾನವೆಲ್ಲ ಆಂಬುಲೆನ್ಸ್ ಓಡಿಸಿದವರು. ಈಗ ಹುಡುಗರಿಗೆ ಅದನ್ನೇ ಕಲಿಸುತ್ತಿದ್ದರು. ಅಂದು ಊದಿಕೊಂಡ ಕಾಲುಗಳನ್ನು ಕಟ್ಟೆಯ ಮೇಲೆ ಚಾಚಿ ಕುಳಿತಿದ್ದರು. ಇದು, ಅದು ಎಂದು ಬೆರಳು ತೋರಿಸಲಿಲ್ಲ. ಕತೆ ಶುರುಮಾಡಿದರು.

“ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಹಿಡಿದ ಸ್ಟಿಯರಿಂಗಿನ ಮೇಲೆ ಆಣೆ. ಅದೇನು ಸಾಮಾನ್ಯ ಸ್ಟಿಯರಿಂಗೇ? ನಾನು ಸೈರನ್ ಹಾಕಿದರೆ ರಸ್ತೆಗೆ ಅಡ್ಡ ಮಲಗಿದ ಎಮ್ಮೆ ತಾನಾಗಿ ಎದ್ದು ಎಡಕ್ಕೆ ಸರಿಯುತ್ತಿತ್ತು, ಕರುವನ್ನೂ ಗದರಿಸಿ ಸರಿಸಿಕೊಳ್ಳುತ್ತಿತ್ತು. ನನ್ನ ಗಾಡಿಯಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಕೂಡಿಸಿದರೆ ಒಂದು ಹೈಸ್ಕೂಲು ತೆರೆಯಬಹುದು. ಇರಲಿ, ಇದು ನನ್ನ ಕತೆಯಲ್ಲ. ನನ್ನಷ್ಟೇ ಜಂಬವಿದ್ದ ಇನ್ನೊಬ್ಬನದು.”

ಒಬ್ಬ ಚಾಲಕ ಕೆಲಸ ಹುಡುಕಿಕೊಂಡು ಹೊಸ ಊರಿಗೆ ಹೋದ. ಅಲ್ಲಿಯೂ ಎರಡು ಕಂಪನಿಗಳಿದ್ದವು. ಮೊದಲನೆಯದರ ಗಾಡಿಗಳು ಎಷ್ಟು ಹೊಳೆಯುತ್ತಿದ್ದವೆಂದರೆ ಬಾನೆಟ್ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದಿತ್ತು. ಯಜಮಾನ ತನ್ನ ಚಾಲಕರನ್ನು ಸಾಲಾಗಿ ನಿಲ್ಲಿಸಿ, ಇವರಿಗೆ ಸುಸ್ತು ಎಂದರೇನೆಂದೇ ಗೊತ್ತಿಲ್ಲ ಎಂದ. ಅವರೆಲ್ಲ ಹೌದೆಂದು ತಲೆಯಾಡಿಸಿದರು. ಒಬ್ಬ ಮಾತ್ರ ತಲೆಯಾಡಿಸುವುದನ್ನು ನಿಲ್ಲಿಸಲೇ ಇಲ್ಲ. ಕಣ್ಣು ಬಿಟ್ಟುಕೊಂಡು ನಿದ್ದೆ ಮಾಡುವ ವಿದ್ಯೆ ಅವನಿಗೆ ಸಿದ್ಧಿಸಿತ್ತು.

ಎರಡನೆಯ ಕಂಪನಿಯ ಗಾಡಿಗಳು ಹಳೆಯವು. ಕಚೇರಿಯ ಗೋಡೆಯಲ್ಲಿ ಒಂದು ಮೊಳೆ ಇತ್ತು. ಚಾಲಕ ನೋಡುತ್ತಿದ್ದಂತೆ ಅಲ್ಲಿನವನೊಬ್ಬ ಒಳಗೆ ಬಂದ, ತನ್ನ ಗಾಡಿಯ ಕೀಯನ್ನು ಆ ಮೊಳೆಗೆ ನೇತುಹಾಕಿದ, ಬೆಂಚಿನ ಮೇಲೆ ಉದ್ದಕ್ಕೆ ಮಲಗಿದ. ಅಷ್ಟರಲ್ಲಿ ಫೋನ್ ಬಂತು. ಮೇಲ್ವಿಚಾರಕಿ ಮೊಳೆಯ ಕಡೆ ಒಮ್ಮೆ ನೋಡಿ ಬೇರೊಬ್ಬನನ್ನು ಕಳಿಸಿದಳು. ಮಲಗಿದವನನ್ನು ಯಾರೂ ಏನೂ ಕೇಳಲಿಲ್ಲ.

“ಅವನಿಗೇನಾಗಿದೆ?” ಎಂದು ಚಾಲಕ ವಿಚಾರಿಸಿದ.

“ದಣಿದಿದ್ದಾನೆ.”

“ಅಷ್ಟೇನಾ?”

“ಇನ್ನೇನಾಗಬೇಕಿತ್ತಪ್ಪಾ?” ಎಂದಳು ಮೇಲ್ವಿಚಾರಕಿ.

ಚಾಲಕನಿಗೆ ನಗು ತಡೆಯಲಾಗಲಿಲ್ಲ. ಇದು ಆಂಬುಲೆನ್ಸ್ ಕಂಪನಿಯಲ್ಲ, ಧರ್ಮಛತ್ರ ಎಂದು ಹೇಳಿ ಹೊರಟುಬಂದ. ಹೊಳೆಯುವ ಗಾಡಿಯ ಯಜಮಾನನ ಮುಂದೆ ನಿಂತು, ತಾನು ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ರೆಪ್ಪೆ ಮುಚ್ಚದೆ ಓಡಿಸಬಲ್ಲೆನೆಂದು ಕೊಚ್ಚಿಕೊಂಡ. ಯಜಮಾನ ಅದನ್ನು ನಂಬಿದ. ತಪ್ಪಾಗಿದ್ದು ಅಲ್ಲಿಯೇ.

ಒಂದು ಕರೆ ಮುಗಿಯುವ ಮೊದಲೇ ಇನ್ನೊಂದು ಬರುತ್ತಿತ್ತು. ಚಾಲಕ ಗೇರು ಬದಲಿಸುತ್ತ ಚಿತ್ರಾನ್ನ ತಿಂದ. ಹೆಂಡತಿ ಫೋನ್ ಮಾಡಿದರೆ, ಪೇಷೆಂಟಿಗೆ ವಯಸ್ಸೆಷ್ಟು, ಮನೆ ಯಾವ ಗುರುತಿನ ಹತ್ತಿರ ಎಂದು ಕೇಳಿದ. ಮನೆಗೆ ಹೋದ ದಿನ ಬಾಗಿಲಲ್ಲಿ ನಿಂತ ಮಾವನಿಗೆ, ದಾರಿ ಬಿಡಿ ದಾರಿ ಬಿಡಿ ಎಂದು ಕೂಗಿದ. ಮಾವ ಹೆದರಿ ದಾರಿ ಬಿಟ್ಟ. ಒಂದು ದಿನ ಯಜಮಾನನ ಬಳಿ ಹೋಗಿ, ಸ್ವಲ್ಪ ಹೊತ್ತು ಒರಗಿಕೊಳ್ಳಲೇ ಎಂದು ಕೇಳಬೇಕೆಂದುಕೊಂಡ. ಆದರೆ ಹಿಂದಿನ ವಾರ ಹಾಗೆ ಕೇಳಿದವನಿಗೆ, ಈ ಅಜ್ಜನಿಗೊಂದು ಹಾಸಿಗೆ ಹಾಸಿಕೊಡ್ರಪ್ಪ ಎಂದು ಎಲ್ಲರೂ ನಕ್ಕಿದ್ದರು. ಹೆಚ್ಚು ನಕ್ಕವನು ಇವನೇ. ಹಾಗಾಗಿ ಕೇಳದೆ ಮತ್ತೆ ಗಾಡಿ ಹತ್ತಿದ.

ಒಂದು ಮಧ್ಯಾಹ್ನ ಓಣಿಯೊಂದರಿಂದ ಕರೆ ಬಂತು. ಹೆಂಗಸಿಗೆ ಎದೆನೋವು. ಗಾಡಿಯಲ್ಲಿದ್ದ ನರ್ಸ್ ಸ್ಟ್ರೆಚರ್ ಇಳಿಸಿಕೊಂಡು ಮನೆಯವರ ಜೊತೆ ಒಳಗೆ ಹೋದ. ಚಾಲಕ ಎಂಜಿನ್ ಆರಿಸದೆ ಸ್ಟಿಯರಿಂಗಿಗೆ ಹಣೆ ಹಚ್ಚಿದ. ಹಚ್ಚಿದ್ದೇ ತಡ, ನಿದ್ದೆ.

ಆ ಕೆಲಸದಲ್ಲೊಂದು ರೂಢಿಯಿದೆ. ರೋಗಿಯನ್ನು ಹತ್ತಿಸಿ ಆದ ಮೇಲೆ ನರ್ಸ್ ಹಿಂದಿನ ಬಾಗಿಲು ಹಾಕಿಕೊಂಡು ಅದನ್ನು ಎರಡು ಸಲ ತಟ್ಟುತ್ತಾನೆ. ಹೊರಡು ಎಂದರ್ಥ. ಓಣಿಯಲ್ಲಿ ಸೊಪ್ಪಿನ ತಳ್ಳುಗಾಡಿಯವನೊಬ್ಬ ಬಂದ. ತೆರೆದೇ ಇದ್ದ ಆಂಬುಲೆನ್ಸಿನ ಹಿಂದಿನ ಬಾಗಿಲು ಅವನಿಗೆ ಅಡ್ಡವಾಗಿತ್ತು. ಅವನು ಅದನ್ನು ತಳ್ಳಿ ಮುಚ್ಚಿದ. ಸರಿಯಾಗಿ ಮುಚ್ಚಿತೋ ಇಲ್ಲವೋ ಎಂದು ಎರಡು ಸಲ ತಟ್ಟಿ ನೋಡಿದ, ಮುಂದೆ ಹೋದ.

ಚಾಲಕ ಬೆಚ್ಚಿಬಿದ್ದು ಎದ್ದ, ಸೈರನ್ ಹಾಕಿದ, ಹೊರಟ.

ಅಂಥ ಓಟವನ್ನು ಆ ಊರು ಮತ್ತೆ ಕಂಡಿಲ್ಲ. ಸಿಟಿ ಬಸ್ಸುಗಳು ಚರಂಡಿಗೆ ಇಳಿದು ದಾರಿ ಕೊಟ್ಟವು. ಮದುವೆಯ ದಿಬ್ಬಣ ಎರಡಾಗಿ ಸೀಳಿ ಗಂಡು ಆ ಕಡೆ, ಹೆಣ್ಣು ಈ ಕಡೆ ನಿಂತರು. ಮಂತ್ರಿಯ ಕಾರು ಕೂಡ ಜೀವನದಲ್ಲಿ ಮೊದಲ ಸಲ ಬದಿಗೆ ಸರಿಯಿತು. ನರ್ಸ್ ಮತ್ತೆ ಮತ್ತೆ ಫೋನ್ ಮಾಡಿದ. ಸೈರನ್ ಗದ್ದಲದಲ್ಲಿ ಕೇಳಿಸಲಿಲ್ಲ. ಆಸ್ಪತ್ರೆಯವರು ಓಡಿಬಂದು ಹಿಂದಿನ ಬಾಗಿಲು ತೆರೆದರು.

“ಪೇಷೆಂಟ್ ಎಲ್ಲಿ?” ಎಂದು ಡಾಕ್ಟರು ಕೇಳಿದರು.

ಒಳಗೆ ಒಂದು ಆಕ್ಸಿಜನ್ ಸಿಲಿಂಡರು, ಒಂದು ಮಡಿಸಿದ ಬೆಡ್‌ಶೀಟು. ಚಾಲಕ ಬಗ್ಗಿ ಸೀಟಿನ ಕೆಳಗೂ ನೋಡಿದ.

ಬಂದ ದಾರಿಯಲ್ಲಿ ಅಷ್ಟರಲ್ಲಿ ಬಸ್ಸು, ದಿಬ್ಬಣ ಎಲ್ಲ ಮತ್ತೆ ಕೂಡಿಕೊಂಡಿದ್ದವು. ಅವನು ಓಣಿಗೆ ಮರಳಿದಾಗ ಮನೆಯ ಮುಂದೆ ಸ್ಟ್ರೆಚರ್ ಇರಲಿಲ್ಲ. ನರ್ಸ್ ಆ ಎರಡನೆಯ ಕಂಪನಿಗೆ ಫೋನ್ ಮಾಡಿದ್ದನಂತೆ. ಬೆಂಚಿನ ಮೇಲೆ ಮಲಗಿ ಎದ್ದಿದ್ದವನು ಮುಖ ತೊಳೆದುಕೊಂಡು ಹಳೆಯ ಗಾಡಿಯನ್ನು ತಂದನಂತೆ. ಹೆಂಗಸು ಸಮಯಕ್ಕೆ ಆಸ್ಪತ್ರೆ ಸೇರಿದಳು, ಬದುಕಿದಳು. ಆಮೇಲೆ ಆ ಕಂಪನಿಯವರಿಗೆಲ್ಲ ಹೋಳಿಗೆ ಮಾಡಿ ಕಳಿಸಿದಳು.

ಗುರುಗಳು ಅಷ್ಟು ಹೇಳಿ ಕಾಲು ಬದಲಿಸಿ ಚಾಚಿಕೊಂಡರು.

ಓಬಳೇಶ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮಂತ್ರಿಯ ಕಾರನ್ನು ನೆನೆದು ಮತ್ತೊಮ್ಮೆ ನಕ್ಕ. ಆಮೇಲೆ, ತನಗೆ ಆ ಚಾಲಕನಷ್ಟು ಬೇಗ ದಣಿವಾಗುವುದಿಲ್ಲವೆಂದ. ಹೊರಡುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿದರೆ ಸಾಕು, ಅಷ್ಟನ್ನು ಮರೆಯುವುದಿಲ್ಲವೆಂದ. ಹೊಸ ಗಾಡಿಯವರಿಗೇ ಬರುತ್ತೇನೆಂದು ತಿಳಿಸಿಬಿಡುವುದಾಗಿಯೂ ಹೇಳಿದ.

“ಹೇಗೂ ಆ ತಾಯಿಗೆ ಏನೂ ಆಗಲಿಲ್ಲವಲ್ಲ, ಗುರುಗಳೇ” ಎಂದ.

“ಉಳಿದದ್ದೆಲ್ಲ ನಿಜ, ಓಬಳೇಶ, ಆ ಹಳೆಯ ಗಾಡಿ ಬಂತು ಅನ್ನುವುದೊಂದನ್ನು ಮಾತ್ರ ನಾನು ಸೇರಿಸಿದೆ.”